ಹಗ್ಗ ಇಳಿಸುವ ಹೊತ್ತು

1955ರ ಜುಲೈ 18, ಸೋಮವಾರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅನಾಹೈಮ್ ಎಂಬ ಊರು. ಬೆಳಗಿನ ಜಾವ 2 ಗಂಟೆಗೇ ಕಾಲೇಜು ಹುಡುಗನೊಬ್ಬ ಮುಚ್ಚಿದ ಗೇಟಿನ ಮುಂದೆ ಬಂದು ನಿಂತ. ಅಂದು ಡಿಸ್ನಿಲ್ಯಾಂಡ್ ಮೊದಲ ಸಲ ಸಾರ್ವಜನಿಕರಿಗೆ ಬಾಗಿಲು ತೆರೆಯುವುದಿತ್ತು. ಬೆಳಕು ಹರಿದು ಬಾಗಿಲು ತೆರೆಯುವ ಹೊತ್ತಿಗೆ ಅವನ ಹಿಂದೆ ಸಾವಿರಾರು ಜನ. ಆದರೂ ಮೊದಲ ಟಿಕೆಟ್ ಅವನ ಪಾಲಿಗೆ ಬರಲಿಲ್ಲ. ಅದನ್ನು ವಾಲ್ಟ್ ಡಿಸ್ನಿಯವರ ಅಣ್ಣ ರಾಯ್ ಡಿಸ್ನಿ 1 ಡಾಲರ್ ಕೊಟ್ಟು ಮೊದಲೇ ತೆಗೆದಿಟ್ಟುಕೊಂಡಿದ್ದರು. ರಾತ್ರಿಯೆಲ್ಲ ನಿಂತ ಹುಡುಗನಿಗೆ ಸಿಕ್ಕಿದ್ದು 2ನೇ ನಂಬರಿನ ಟಿಕೆಟ್.

ಒಂದು ಟಿಕೆಟ್ ನಿದ್ದೆ ಬಿಟ್ಟು ಬಂದವನದು, ಇನ್ನೊಂದು ಮೊದಲೇ ಕೊಂಡಿಟ್ಟವರದು. ಅಂದಿನಿಂದ ಇಂದಿನವರೆಗೆ ಥೀಮ್ ಪಾರ್ಕುಗಳ ಸಾಲಿನಲ್ಲಿ ನಡೆದಿರುವುದೆಲ್ಲ ಈ ಎರಡು ಟಿಕೆಟ್‌ಗಳ ಹಗ್ಗಜಗ್ಗಾಟವೇ ಎಂದು ನನಗೆ ಅನ್ನಿಸುತ್ತದೆ.

ಆಟದ ಬಯಲಿನ ಸಾಲಿಗೂ ಇತಿಹಾಸವೇ ಎಂದು ಕೆಲವರು ನಗಬಹುದು. ಆದರೆ ನಮ್ಮಂಥವರ ಲೆಕ್ಕ ನೋಡಿ. ಹೆಂಡತಿ ಮಕ್ಕಳು ವಿಸಿಟ್ ವೀಸಾದಲ್ಲಿ ಬಂದಿರುತ್ತಾರೆ. ನಮಗೆ ವಾರಕ್ಕೊಂದು ರಜೆ. ಅಬುಧಾಬಿಯ ಯಾಸ್ ದ್ವೀಪಕ್ಕೆ ಕರೆದುಕೊಂಡು ಹೋಗಲು ಸಿಗುವುದು ಒಂದೇ ದಿನ. ನಾಲ್ವರ ಟಿಕೆಟ್ಟಿನ ದುಡ್ಡನ್ನು ತಿಂಗಳುಗಟ್ಟಲೆ ತೆಗೆದಿಟ್ಟಿರುತ್ತೇವೆ. ಸಂಜೆ ಟ್ಯಾಕ್ಸಿ ಹತ್ತುವಾಗ ಮಗು, "ಅಪ್ಪಾ, ಆ ದೊಡ್ಡದು ಸಿಗಲೇ ಇಲ್ಲವಲ್ಲ" ಎಂದರೆ ಆ ದಿನ ಮತ್ತೆ ಬರುವುದಿಲ್ಲ. ಮುಂದಿನ ವೀಸಾ ಯಾವಾಗಲೋ, ಅಷ್ಟರಲ್ಲಿ ಮಗುವಿನ ವಯಸ್ಸು ಎಷ್ಟಾಗಿರುತ್ತದೋ.

ದುಡ್ಡು ಕೊಟ್ಟು ಎತ್ತರದಿಂದ ಜಾರುವ ಹುಚ್ಚು ಡಿಸ್ನಿಗಿಂತ ಬಹಳ ಹಳೆಯದು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲತೀರದಲ್ಲಿ ಲಾಮಾರ್ಕಸ್ ಥಾಮ್ಸನ್ ಎಂಬಾತ ಒಂದು ಇಳಿಜಾರಿನ ರೈಲು ಕಟ್ಟಿದ. ಜನ ಮರದ ಗೋಪುರ ಹತ್ತಿ ಬೆಂಚಿನಂಥ ಗಾಡಿಯಲ್ಲಿ ಕೂರಬೇಕು, ಅದು ಏರಿಳಿಯುತ್ತ ಆಚೆ ತುದಿ ಸೇರುತ್ತದೆ. ಅಲ್ಲಿ ಎಲ್ಲರೂ ಇಳಿಯಬೇಕು. ಆಳುಗಳು ಗಾಡಿಯನ್ನು ಇನ್ನೊಂದು ಗೋಪುರಕ್ಕೆ ತಳ್ಳಿ ಹತ್ತಿಸಿದ ಮೇಲೆ ಮತ್ತೆ ಕೂತು ವಾಪಸ್ಸು. ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ನಮ್ಮೂರಿನ ಸೈಕಲ್ಲಿನಷ್ಟು. ದರ 5 ಸೆಂಟ್. ಅದಕ್ಕೂ ಜನ ಮುಗಿಬಿದ್ದರು. ಹಾಕಿದ ಬಂಡವಾಳ ಕೆಲವೇ ವಾರಗಳಲ್ಲಿ ಕೈಸೇರಿತು.

ಕೋನಿ ಐಲ್ಯಾಂಡ್ ದುಡಿಯುವವರ ಜಾಗ. 1920ರ ಹೊತ್ತಿಗೆ 5 ಸೆಂಟಿನ ಸಬ್‌ವೇ ರೈಲು ಅಲ್ಲಿಗೆ ಬಂದ ಮೇಲಂತೂ ಬಟ್ಟೆ ಕಾರ್ಖಾನೆಯವರು, ಹಡಗುಕಟ್ಟೆಯವರು, ಅಂಗಡಿ ಹುಡುಗಿಯರು ಭಾನುವಾರ ಅಲ್ಲಿಗೇ ಬರುತ್ತಿದ್ದರು. ಅಲ್ಲಿ ಹಲವು ಒಡೆಯರು, ಹಲವು ಆಟಗಳು. ಒಂದರ ಮುಂದೆ ಸಾಲು ಉದ್ದವಾದರೆ ಜೇಬಿನ ನಾಣ್ಯ ಪಕ್ಕದ ಆಟಕ್ಕೆ ಹೋಗುತ್ತಿತ್ತು. ನಮ್ಮ ಜಾತ್ರೆಯ ರಂಕಲ ರಾಟೆಯ ವ್ಯವಹಾರವೂ ಹೀಗೆಯೇ ಅಲ್ಲವೇ? ಅಲ್ಲಿ ಯಾರೂ ಬೆಳಗಿನ ಜಾವ ಎದ್ದು ಓಡುವುದಿಲ್ಲ. ಒಂದೇ ಬೇಲಿ, ಒಂದೇ ಗೇಟು, ಒಂದೇ ಟಿಕೆಟ್ ಬಂದಾಗಲೇ ಈ ಓಟ ಶುರುವಾದದ್ದು.

ಡಿಸ್ನಿಲ್ಯಾಂಡ್ ತಂದದ್ದು ಆ ಬೇಲಿಯನ್ನು. ಸಾರ್ವಜನಿಕರಿಗೆ ತೆರೆಯುವ ಹಿಂದಿನ ದಿನ, ಜುಲೈ 17ರ ಭಾನುವಾರ, ಆಹ್ವಾನಿತರಿಗಾಗಿ ಸಮಾರಂಭ ನಡೆಯಿತು. ಎಬಿಸಿ ಟೆಲಿವಿಷನ್ನಿನಲ್ಲಿ ನೇರ ಪ್ರಸಾರವೂ ಇತ್ತು. ನಿರೀಕ್ಷಿಸಿದ್ದು ಸುಮಾರು 11,000 ಜನರನ್ನು. ಖೋಟಾ ಪಾಸುಗಳ ಕೃಪೆಯಿಂದ ಒಳಗೆ ಬಂದವರು ಸುಮಾರು 28,000. ಬಿಸಿಲು 38 ಡಿಗ್ರಿ ಸೆಲ್ಸಿಯಸ್. ಹೊಸದಾಗಿ ಹಾಕಿದ್ದ ಡಾಂಬರು ಕರಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಗುತ್ತಿತ್ತು. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಸಾಕಷ್ಟು ತಯಾರಾಗಿರಲಿಲ್ಲ. ಗಲ್ಫಿನ ಜುಲೈ ಕಂಡವರಿಗೆ ಅಂದಿನ ಸಾಲು ಹೇಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲಿಗೆ ಒಳಗೆ ಹೋಗಲು ಒಂದು ದರ, ಪ್ರತಿ ರೈಡಿಗೆ ಬೇರೆ ದರ. ಅದೇ ವರ್ಷದ ಅಕ್ಟೋಬರಿನಲ್ಲಿ ಟಿಕೆಟ್ ಪುಸ್ತಕ ಬಂತು. ಎ, ಬಿ, ಸಿ ಎಂಬ ದರ್ಜೆಗಳು. ಸಣ್ಣಪುಟ್ಟ ಆಟಕ್ಕೆ ಎ, ಒಳ್ಳೆಯದಕ್ಕೆ ಸಿ. ಮರುವರ್ಷ ಡಿ ಸೇರಿತು. 1959ರಲ್ಲಿ ಮ್ಯಾಟರ್‌ಹಾರ್ನ್ ಎಂಬ ರೋಲರ್ ಕೋಸ್ಟರ್, ಮೊನೊರೈಲು ಮತ್ತು ಸಬ್‌ಮರೀನ್ ಸವಾರಿ ಒಟ್ಟಿಗೆ ತೆರೆದಾಗ ಇ ಟಿಕೆಟ್ ಬಂತು. ಪುಸ್ತಕದಲ್ಲಿ ಇ ಟಿಕೆಟ್‌ಗಳು ಕೆಲವೇ ಇರುತ್ತಿದ್ದವು, ಅವು ಮುಗಿದರೆ ಮತ್ತೆ ಕಾಸು ಬಿಚ್ಚಬೇಕು. ಹಾಗಾಗಿ ದೊಡ್ಡ ರೈಡಿನ ಮುಂದೆ ಒಂದೇ ಮನೆಯವರು ನಾಲ್ಕು ಸಲ ನಿಲ್ಲುತ್ತಿರಲಿಲ್ಲ, ಸಾಲು ತಾನಾಗಿಯೇ ಹತೋಟಿಯಲ್ಲಿರುತ್ತಿತ್ತು. ಆ ಹೆಸರು ಅಮೆರಿಕದ ಆಡುಮಾತಿಗೂ ಇಳಿಯಿತು. 1983ರ ಜೂನಿನಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ತಮ್ಮ ಪ್ರಯಾಣವನ್ನು ಬಣ್ಣಿಸುವಾಗ ಅದು ಇ ಟಿಕೆಟ್ಟಿನ ಸವಾರಿ ಎಂದೇ ಹೇಳಿದರು.

ಅವರು ಹಾಗೆ ಹೇಳುವ ಹೊತ್ತಿಗೆ ಇ ಟಿಕೆಟ್ ಮರೆಯಾಗಿತ್ತು. ಟೆಕ್ಸಾಸಿನಲ್ಲಿ 1961ರಲ್ಲಿ ತೆರೆದ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕು ಆರಂಭದಿಂದಲೇ ಒಂದೇ ದರ ಇಟ್ಟುಕೊಂಡಿತ್ತು. ಗೇಟಿನಲ್ಲಿ ಒಮ್ಮೆ ಕೊಟ್ಟರೆ ಒಳಗೆ ಎಷ್ಟು ಬೇಕಾದರೂ ಆಡಿ. 1982ರಲ್ಲಿ ಡಿಸ್ನಿಯೂ ಪುಸ್ತಕ ಬಿಟ್ಟು ಅದೇ ದಾರಿ ಹಿಡಿಯಿತು. ಗ್ರಾಹಕರಿಗೆ ಸಂತೋಷವಾಯಿತು. ಆದರೆ ರೈಡಿನ ಬೆಲೆ ಎಲ್ಲಿಗೂ ಹೋಗಿರಲಿಲ್ಲ. ಅಲ್ಲಿಯವರೆಗೆ ಇ ಟಿಕೆಟ್ಟಿನಲ್ಲಿ ಕೊಡುತ್ತಿದ್ದುದನ್ನು ಜನ ಈಗ ಕಾಲು ನೋಯಿಸಿಕೊಂಡು ನಿಮಿಷಗಳಲ್ಲಿ ಕೊಡತೊಡಗಿದರು.

ಇಲ್ಲಿ ನನ್ನ ಕಸುಬಿನ ಒಂದು ಮಾತು. ನಾನು ಡಿ.ಫಾರ್ಮ್ ಓದಿ, ಆಸ್ಪತ್ರೆಯ ಔಷಧ ಕೌಂಟರಿನ ಹಿಂದೆ ವರ್ಷಗಳಿಂದ ನಿಂತವನು. ಟೋಕನ್ ನಂಬರು ನೋಡುತ್ತ ಕೂತವರ ಮುಖ ನನಗೆ ಚೆನ್ನಾಗಿ ಗೊತ್ತು. ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ಬಂದವರು ಚೀಟಿ ಕೊಟ್ಟು, ಮಾತ್ರೆ ತೆಗೆದುಕೊಂಡು, ಎರಡು ಮಾತಾಡಿ ಹೋಗುತ್ತಾರೆ. ಡಾಕ್ಟರುಗಳ ಕೋಣೆಗಳಿಂದ ಜನ ಒಟ್ಟಿಗೆ ಹೊರಬರುವ 11 ಗಂಟೆಗೆ ಟೋಕನ್ ತೆಗೆದವರು ಮುಕ್ಕಾಲು ಗಂಟೆ ಕೂರಬೇಕಾಗುತ್ತದೆ. ಕೌಂಟರಿನಲ್ಲಿ ನಾವು ಅಷ್ಟೇ ಮಂದಿ, ನಮ್ಮ ಕೈಯ ವೇಗವೂ ಅಷ್ಟೇ.

ಲೆಕ್ಕ ಹಾಕಿ ನೋಡಿ. ಒಂದು ರೈಡು ಗಂಟೆಗೆ 1,000 ಜನರನ್ನು ಕೂರಿಸುತ್ತದೆ ಎಂದುಕೊಳ್ಳೋಣ. ಪಾರ್ಕು ತೆರೆಯುವುದು 10 ಗಂಟೆಗೆ. ಮೊದಲ ಗಂಟೆಯಲ್ಲಿ 600 ಜನ ಬಂದರೆ ಯಾರೂ ಹೆಚ್ಚು ಕಾಯುವುದಿಲ್ಲ. 11ರಿಂದ 12ರೊಳಗೆ 1,600 ಜನ ಬಂದರೆ 600 ಮಂದಿ ಉಳಿದರು, ಕೊನೆಯವನಿಗೆ 36 ನಿಮಿಷದ ಸಾಲು. ಮುಂದಿನ ಗಂಟೆ 1,400 ಜನ ಬಂದರೆ ಉಳಿದವರು 1,000, ಅಂದರೆ ಪೂರ್ತಿ ಒಂದು ಗಂಟೆಯ ಸಾಲು. ಸ್ವಾರಸ್ಯ ಇರುವುದು ಇದರ ನಂತರ. 1 ಗಂಟೆಯಿಂದ ಬರುವವರು ಇಳಿಮುಖವಾಗಿ ಸರಿಯಾಗಿ 1,000 ಜನ ಬಂದರು ಎನ್ನಿ. ಜನ ಕಡಿಮೆಯಾದರು, ಸಾಲು ಕಡಿಮೆಯಾಗಲಿಲ್ಲ. ಹಳೆಯ ಬಾಕಿ ಹಾಗೇ ಇದೆ. ಸಾಲವಿದ್ದಂತೆ, ಬಡ್ಡಿ ಕಟ್ಟುತ್ತಲೇ ಇರುತ್ತೇವೆ, ಅಸಲು ತೀರುವುದಿಲ್ಲ. ಕತ್ತಲಾಗಿ ಜನ ಮನೆ ಕಡೆ ಹೊರಟಾಗಲೇ ಅದು ಕರಗುವುದು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಟೆಲಿಫೋನ್ ಕರೆಗಳ ಒತ್ತಡದ ಲೆಕ್ಕ ಬರೆದು ಸಾಲಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ. ಆದರೆ ಬೆಳಗಿನ 20 ನಿಮಿಷಕ್ಕೆ ಎಷ್ಟು ಬೆಲೆ ಎಂಬುದು ರೇಷನ್ ಅಂಗಡಿಯಲ್ಲಿ ಚೀಲ ಹಿಡಿದು ನಿಂತ ನಮ್ಮ ತಾಯಂದಿರಿಗೆ ಶಾಸ್ತ್ರ ಓದದೆಯೇ ಗೊತ್ತಿತ್ತು.

ಪಾರ್ಕಿನವರು ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. 1964-65ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಡಿಸ್ನಿ ಸಂಸ್ಥೆ ನಾಲ್ಕು ಪ್ರದರ್ಶನಗಳನ್ನು ಮಾಡಿಕೊಟ್ಟಿತು. ಅದರಲ್ಲಿ ಒಂದು, ನೀರಿನ ಕಾಲುವೆಯಲ್ಲಿ ದೋಣಿಗಳು ಒಂದರ ಹಿಂದೊಂದು ಸಾಗುವ ಬೊಂಬೆಗಳ ಲೋಕ. ದೋಣಿ ನಿಲ್ಲುವುದು ಕ್ಷಣ ಮಾತ್ರ, ಜನ ಹತ್ತುತ್ತಲೇ ಇರುತ್ತಾರೆ. ಇದನ್ನು ಕಂಡ ಮೇಲೆ, ನಡೆದುಕೊಂಡು ನೋಡುವಂತೆ ಯೋಚಿಸಿದ್ದ ಕಡಲ್ಗಳ್ಳರ ಪ್ರದರ್ಶನವನ್ನು ಬದಲಾಯಿಸಿ ದೋಣಿ ಸವಾರಿಯಾಗಿ ಕಟ್ಟಿದರು. ಅದು 1967ರಲ್ಲಿ ತೆರೆಯಿತು. ಇಂಥ ರೈಡುಗಳು ಗಂಟೆಗೆ ಸಾವಿರಗಟ್ಟಲೆ ಜನರನ್ನು ನುಂಗುತ್ತವೆ. ಅದೇ ಪಾರ್ಕಿನ ಪೀಟರ್ ಪ್ಯಾನ್ ರೈಡು 1955ರದು. ಪುಟ್ಟ ಹಡಗು, ಒಂದಕ್ಕೆ ಎರಡು ಮೂರು ಜನ. ಅದಕ್ಕೇ ಎಪ್ಪತ್ತು ವರ್ಷದ ನಂತರವೂ ಅದರ ಮುಂದೆ ಉದ್ದದ ಸಾಲು. ರೈಡು ಎಷ್ಟು ಚೆನ್ನಾಗಿದೆ ಎನ್ನುವಷ್ಟೇ, ಗಂಟೆಗೆ ಎಷ್ಟು ಜನರನ್ನು ಕೂರಿಸುತ್ತದೆ ಎನ್ನುವುದೂ ಸಾಲನ್ನು ಉದ್ದ ಮಾಡುತ್ತದೆ. ಬೆಳಗ್ಗೆ ಮೊದಲು ಓಡಬೇಕಾದದ್ದು ಇಂಥ ಸಣ್ಣ ಬಾಯಿಯ ರೈಡಿಗೆ.

ಓಡಬೇಕಾದದ್ದು ಎಂದೆ. ಓಡಲು ಬಿಡುವುದಿಲ್ಲ. ಡಿಸ್ನಿ ಪಾರ್ಕುಗಳಲ್ಲಿ ಗೇಟನ್ನು ಸ್ವಲ್ಪ ಮುಂಚೆಯೇ ತೆರೆದು ಜನರನ್ನು ಮುಂಬೀದಿಯವರೆಗೆ ಬಿಡುತ್ತಾರೆ. ಬೀದಿಯ ಕೊನೆಯಲ್ಲಿ ಸಿಬ್ಬಂದಿ ಹಗ್ಗ ಹಿಡಿದು ನಿಂತಿರುತ್ತಾರೆ. ಸಮಯಕ್ಕೆ ಸರಿಯಾಗಿ ಹಗ್ಗ ಇಳಿಸುತ್ತಾರೆ. ಅದರಿಂದಲೇ ಬೆಳಗಿನ ಈ ಮುನ್ನುಗ್ಗುವಿಕೆಗೆ ಅಮೆರಿಕದಲ್ಲಿ 'ರೋಪ್ ಡ್ರಾಪ್' ಎಂಬ ಹೆಸರು ಬಂತು. ಬಿದ್ದು ಪೆಟ್ಟಾದೀತು ಎಂದು ಸಿಬ್ಬಂದಿಯೇ ಹಗ್ಗ ಹಿಡಿದು ಮುಂದೆ ನಡೆಯುತ್ತ, ಹಿಂದಿನ ಸಾವಿರಾರು ಜನರನ್ನು ಮದುವೆ ದಿಬ್ಬಣದಂತೆ ನಿಧಾನವಾಗಿ ರೈಡಿನವರೆಗೆ ಕರೆದೊಯ್ಯುವುದೂ ಉಂಟು. 1983ರಲ್ಲಿ ತೆರೆದ ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಜಪಾನೀಯರು ಇದಕ್ಕೆ 'ಓಪನ್ ಡ್ಯಾಶ್' ಎನ್ನುತ್ತಾರೆ. ಅಷ್ಟು ಶಿಸ್ತಿನ ಜನವೂ ಆ ಹೊತ್ತಿಗೆ ಓಟ ಕೀಳುತ್ತಾರೆ, ದಯವಿಟ್ಟು ಓಡಬೇಡಿ ಎಂದು ಸಿಬ್ಬಂದಿ ಕೂಗುತ್ತಲೇ ಇರುತ್ತಾರೆ.

1999ರಲ್ಲಿ ಫ್ಲೋರಿಡಾದ ಡಿಸ್ನಿ ಪಾರ್ಕುಗಳಲ್ಲಿ ಫಾಸ್ಟ್‌ಪಾಸ್ ಎಂಬ ಏರ್ಪಾಡು ಬಂತು. ರೈಡಿನ ಹತ್ತಿರದ ಯಂತ್ರಕ್ಕೆ ನಿಮ್ಮ ಪ್ರವೇಶ ಟಿಕೆಟ್ ತೂರಿಸಿದರೆ ಒಂದು ಚೀಟಿ ಬರುತ್ತದೆ. ಮಧ್ಯಾಹ್ನ ಇಂಥ ಗಂಟೆಯೊಳಗೆ ಬನ್ನಿ, ಬೇರೆ ಬಾಗಿಲಿನಿಂದ ಬೇಗ ಬಿಡುತ್ತೇವೆ ಎಂಬ ಚೀಟಿ. ಹೆಚ್ಚಿನ ದುಡ್ಡಿಲ್ಲ, ಎಲ್ಲರಿಗೂ ಒಂದೇ ನಿಯಮ. ಹೆಸರಾದ ರೈಡುಗಳ ಚೀಟಿ ಬಲುಬೇಗ ಖಾಲಿಯಾಗುತ್ತಿತ್ತು. ಹೀಗಾಗಿ ಬೆಳಗ್ಗೆ ಬಂದವರಿಗೆ ದುಪ್ಪಟ್ಟು ಲಾಭ. ಮನೆಯವರನ್ನು ಒಂದು ರೈಡಿನ ಸಾಲಿನಲ್ಲಿ ನಿಲ್ಲಿಸಿ, ಎಲ್ಲರ ಟಿಕೆಟ್‌ಗಳನ್ನು ಕೈಲಿ ಹಿಡಿದು ಇನ್ನೊಂದರ ಯಂತ್ರದ ಕಡೆ ಧಾವಿಸುವ ಅಪ್ಪ ಆ ಕಾಲದ ಮಾಮೂಲಿ ದೃಶ್ಯ. ಸಾಲಿನ ಈ ಇತಿಹಾಸದಲ್ಲಿ ಅತ್ಯಂತ ನ್ಯಾಯದ ಕಾಲ ಇದೇ ಇರಬೇಕು ಎಂದು ನನ್ನ ಅಭಿಪ್ರಾಯ. ಬೇಗ ಎದ್ದವನಿಗೆ ಕೂಲಿ ಸಿಗುತ್ತಿತ್ತು.

ಅದು ಉಳಿಯಲಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಬೈಲಿನಲ್ಲೇ ಚೀಟಿ ಪಡೆಯುವ ಸೌಲಭ್ಯಕ್ಕೆ ದಿನಕ್ಕೆ 10 ಡಾಲರ್ ಇಟ್ಟರು. 2020ರಲ್ಲಿ ಕೊರೊನಾ ಬಂದು ಪಾರ್ಕುಗಳು ಮುಚ್ಚಿದವು. ಮತ್ತೆ ತೆರೆದಾಗ ಉಚಿತ ಚೀಟಿ ಮರಳಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಫ್ಲೋರಿಡಾದಲ್ಲಿ ಅದರ ಜಾಗಕ್ಕೆ ಬಂದದ್ದು ದಿನಕ್ಕೆ ತಲೆಗೆ 15 ಡಾಲರಿನ ವ್ಯವಸ್ಥೆ. ತೀರಾ ಹೆಸರಾದ ರೈಡುಗಳಿಗೆ ಅದರ ಮೇಲೂ ಬೇರೆ ದರ. 2024ರಲ್ಲಿ ಬಂದ ಎಲ್ಲಕ್ಕಿಂತ ಮೇಲಿನ ಪಾಸಿನ ಬೆಲೆ ಒಂದು ದಿನಕ್ಕೆ 449 ಡಾಲರಿನವರೆಗೂ ಹೋಯಿತು.

ತಿರುಪತಿಗೆ ಹೋಗಿಬಂದವರಿಗೆ ಇದು ಹೊಸದೇನಲ್ಲ. ಸರ್ವದರ್ಶನದ ಸಾಲು ಒಂದು ಕಡೆ, 300 ರೂಪಾಯಿಯ ವಿಶೇಷ ಪ್ರವೇಶದ ಸಾಲು ಇನ್ನೊಂದು ಕಡೆ, ಗರ್ಭಗುಡಿಯ ಬಾಗಿಲು ಒಂದೇ. ರೈಡಿನಲ್ಲೂ ಹೀಗೆಯೇ. ಗಂಟೆಗೆ 1,000 ಸೀಟಿರುವ ರೈಡಿನಲ್ಲಿ 600 ಸೀಟು ಪಾಸಿನವರಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು 400. ಮೊದಲು ಒಂದು ಗಂಟೆ ಕಾಯುತ್ತಿದ್ದ ಅದೇ ಸಾವಿರ ಜನ ಈಗ ಎರಡೂವರೆ ಗಂಟೆ ಕಾಯಬೇಕು. ಪಾಸು ಕೊಂಡವನು ಬರೀ ಸಮಯ ಕೊಂಡೆ ಎಂದುಕೊಂಡಿರುತ್ತಾನೆ. ಆ ಸಮಯ ಪಕ್ಕದ ಸಾಲಿನವರ ಜೇಬಿನಿಂದ ಬಂದದ್ದು.

ಬೆಳಗನ್ನೂ ಮಾರಾಟಕ್ಕೆ ಇಟ್ಟರು. 2010ರ ಜೂನ್ 18ರಂದು ಫ್ಲೋರಿಡಾದ ಯೂನಿವರ್ಸಲ್ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದಾಗ ಜನ ಇಡೀ ಪಾರ್ಕನ್ನು ಸುತ್ತುವರಿದು ಗಂಟೆಗಟ್ಟಲೆ ನಿಂತರು. ಆ ಪಾರ್ಕಿನ ಹೋಟೆಲಿನಲ್ಲಿ ತಂಗಿದವರಿಗೆ ಒಂದು ಗಂಟೆ ಮುಂಚೆ ಒಳಗೆ ಬಿಡುವ ಪದ್ಧತಿ ಬಂತು. 2021ರಿಂದ ಡಿಸ್ನಿಯ ಫ್ಲೋರಿಡಾ ಹೋಟೆಲಿನವರಿಗೂ ಪ್ರತಿದಿನ ಅರ್ಧ ಗಂಟೆಯ ಮುಂಚಿತ ಪ್ರವೇಶ. ಹೊರಗಿನವರು ಹಗ್ಗದ ಈಚೆ ನಿಂತು ನೋಡುತ್ತಿರುವಾಗ ಒಳಗೆ ಆಗಲೇ ಸಾಲು ಬೆಳೆದಿರುತ್ತದೆ. 2019ರ ಜೂನ್ 13ರಂದು ಅದೇ ಯೂನಿವರ್ಸಲ್‌ನಲ್ಲಿ ಹ್ಯಾಗ್ರಿಡ್ ಹೆಸರಿನ ಕೋಸ್ಟರ್ ತೆರೆದ ದಿನ ಕಾಯುವ ಹೊತ್ತು 10 ಗಂಟೆ ತಲುಪಿತ್ತು.

ಹೀಗಿದ್ದರೂ ಬೆಳಗಿನ ಬಲ ಪೂರ್ತಿ ಹೋಗಿಲ್ಲ. ಪಾಸು ಕೊಂಡವರಲ್ಲಿ ಹೆಚ್ಚಿನವರಿಗೆ ಬೇಗ ಏಳುವ ಅವಸರವಿಲ್ಲ. ಅದಕ್ಕೇ ತಾನೆ ಅವರು ದುಡ್ಡು ಕೊಟ್ಟದ್ದು. ಹಾಗಾಗಿ ಬಾಗಿಲು ತೆರೆದ ಮೊದಲ ಅರ್ಧ ಮುಕ್ಕಾಲು ಗಂಟೆ ಸೀಟುಗಳೆಲ್ಲ ಹೆಚ್ಚು ಕಡಿಮೆ ಸಾಮಾನ್ಯ ಸಾಲಿಗೇ ಸಿಗುತ್ತವೆ.

ಇನ್ನು ನಮ್ಮ ಗಲ್ಫಿನ ಕಥೆ. 1985ರಲ್ಲಿ ಅಲ್ ಐನ್‌ನಲ್ಲಿ ಹಿಲಿ ಫನ್ ಸಿಟಿ ತೆರೆಯಿತು. ಈ ಭಾಗದ ಮೊದಲ ಥೀಮ್ ಪಾರ್ಕ್ ಎಂದು ಅದಕ್ಕೆ ಹೆಸರು. ಅಲ್ಲಿ ಹೆಂಗಸರು ಮಕ್ಕಳಿಗಷ್ಟೇ ಮೀಸಲಾದ ದಿನಗಳಿದ್ದವು. ಒಂಟಿಯಾಗಿ ಕ್ಯಾಂಪಿನಲ್ಲಿರುವ ಗಂಡಸು ಎಷ್ಟು ಬೇಗ ಹೋದರೂ ಅಂದು ಹೊರಗೇ. ಸಾಲಿಗೂ ಮುಂಚೆ ಬಾಗಿಲೇ ಜನರನ್ನು ವಿಂಗಡಿಸುವ ಊರು ಇದು ಎಂದು ಹಳಬರಿಗೆ ಗೊತ್ತು. 2010ರ ನವೆಂಬರಿನಲ್ಲಿ ಯಾಸ್ ದ್ವೀಪದಲ್ಲಿ ಫೆರಾರಿ ವರ್ಲ್ಡ್ ಬಂತು. ಅಲ್ಲಿನ ಫಾರ್ಮುಲಾ ರೊಸಾ ಐದೇ ಸೆಕೆಂಡಿನಲ್ಲಿ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟುತ್ತದೆ. ಮರಳು, ಹುಳ ಕಣ್ಣಿಗೆ ಬೀಳದಿರಲೆಂದು ಕನ್ನಡಕ ಕೊಡುತ್ತಾರೆ. ರೈಲಿನಲ್ಲಿ ಕೂರುವುದು 16 ಜನ. ಎರಡು ನಿಮಿಷಕ್ಕೊಂದರಂತೆ ಬಿಟ್ಟರೂ ಗಂಟೆಗೆ 480 ಮಂದಿ. ಇದೂ ಸಣ್ಣ ಬಾಯಿಯ ರೈಡೇ. ಮೇಲಾಗಿ ಹಳಿ ಛಾವಣಿಯ ಹೊರಗಿದೆ, ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ. ಸಂಜೆ ನೋಡೋಣ ಎಂದು ಬಿಡುವಂಥದ್ದಲ್ಲ.

2016ರ ಆಗಸ್ಟ್ ಕೊನೆಯಲ್ಲಿ ದುಬೈನ ಐಎಂಜಿ ವರ್ಲ್ಡ್ಸ್, ವರ್ಷದ ಕೊನೆಗೆ ಮೋಷನ್‌ಗೇಟ್, 2018ರ ಜುಲೈನಲ್ಲಿ ವಾರ್ನರ್ ಬ್ರದರ್ಸ್ ವರ್ಲ್ಡ್, 2023ರ ಮೇ ತಿಂಗಳಲ್ಲಿ ಸೀವರ್ಲ್ಡ್. ಬಹುಪಾಲು ಛಾವಣಿಯ ಕೆಳಗೆ, ತಣ್ಣಗೆ. ಇಲ್ಲಿನ ಪಾರ್ಕುಗಳು ಅಮೆರಿಕದವುಗಳಷ್ಟು ಬೇಗ ತೆರೆಯುವುದಿಲ್ಲ, ನಮ್ಮ 'ಬೆಳಗ್ಗೆ' ಎಂದರೆ ಕೆಲವೊಮ್ಮೆ 10, ಕೆಲವೊಮ್ಮೆ ಅದಕ್ಕೂ ತಡ. ನೈಟ್ ಡ್ಯೂಟಿ ಮುಗಿಸಿದವನೂ ಸ್ನಾನ ಮಾಡಿ ತಲುಪಬಹುದು. ಬೇಗ ಬಿಡುವ ದುಬಾರಿ ಪಾಸು ಇಲ್ಲಿಯೂ ಉಂಟು. ರಜೆಗೆ ಊರಿಗೆ ಹೋದಾಗ ಬಿಡದಿಯ ವಂಡರ್‌ಲಾಕ್ಕೆ ಮಕ್ಕಳನ್ನು ಕರೆದೊಯ್ದವರು ಅಲ್ಲಿಯೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ನೋಡಿರುತ್ತೀರಿ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ನಮ್ಮ ಕಣ್ಣೆದುರೇ ನಡೆಯಿತು. 2021ರ ಅಕ್ಟೋಬರ್ 1ರಿಂದ 2022ರ ಮಾರ್ಚ್ 31ರವರೆಗೆ ದುಬೈ ಎಕ್ಸ್‌ಪೋ ನಡೆದಾಗ ಸ್ಮಾರ್ಟ್ ಕ್ಯೂ ಎಂದು ದಿನಕ್ಕೆ 10 ಬುಕಿಂಗ್‌ವರೆಗೆ ಉಚಿತವಾಗಿ ಕೊಟ್ಟರು. ಫ್ಲೋರಿಡಾ ತನ್ನ ಉಚಿತ ಚೀಟಿಗೆ ಬೆಲೆ ಕಟ್ಟಿದ ಅದೇ ತಿಂಗಳಲ್ಲಿ!

ಅಪ್ಪ ಅಮ್ಮ ಜೊತೆಗಿದ್ದರೆ ಬೆಳಗಿನ ಹೊತ್ತು ಇನ್ನೂ ಮುಖ್ಯ. ಸಕ್ಕರೆ ಕಾಯಿಲೆಯವರು, ಮಂಡಿನೋವಿನವರು 90 ನಿಮಿಷದ ಸಾಲಿನಲ್ಲಿ ನಿಲ್ಲಲಾರರು. ಔಷಧದವನಾಗಿ ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ತಲೆಸುತ್ತು, ವಾಂತಿ ಬಾರದಿರಲಿ ಎಂದು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ಅದನ್ನು ನುಂಗಿದವರು ವಾಪಸ್ಸು ಬರುವಾಗ ಕಾರು ಓಡಿಸಬಾರದು. ಒಬ್ಬರೇ ಹೋಗುವವರು ಸಿಂಗಲ್ ರೈಡರ್ ಸಾಲು ಇದೆಯೇ ಎಂದು ಕೇಳಿ. ಗುಂಪುಗಳ ನಡುವೆ ಉಳಿದ ಒಂದು ಸೀಟಿಗೆ ಕೂರಿಸುವ ಸಾಲು ಅದು, ಹೆಚ್ಚಿನ ದುಡ್ಡಿಲ್ಲ. ಕ್ಯಾಂಪಿನ ಒಂಟಿ ಗಂಡಸಿಗೆ ಈ ವ್ಯವಸ್ಥೆಯಲ್ಲಿ ಅನುಕೂಲವಾಗಿರುವುದು ಬಹುಶಃ ಇದೊಂದೇ.

2025ರ ಮೇ 7ರಂದು ಡಿಸ್ನಿ ಸಂಸ್ಥೆ ಯಾಸ್ ದ್ವೀಪದಲ್ಲಿ ತನ್ನ ಏಳನೇ ಥೀಮ್ ಪಾರ್ಕ್ ತಾಣವನ್ನು ಪ್ರಕಟಿಸಿತು. ಕಟ್ಟಿ ನಡೆಸುವುದು ಅಬುಧಾಬಿಯ ಮಿರಾಲ್ ಸಂಸ್ಥೆ. ತೆರೆಯುವ ದಿನವನ್ನು ಆಗ ಹೇಳಲಿಲ್ಲ. ಅದನ್ನು ಕಟ್ಟುವ ಕೈಗಳಲ್ಲಿ ನಮ್ಮ ಕಲಬುರಗಿ, ರಾಯಚೂರು, ಕರಾವಳಿಯ ಕಡೆಯವರೂ ಇರುತ್ತಾರೆ. ತೆರೆದ ದಿನ ಬೆಳಗಿನ ಜಾವ 2 ಗಂಟೆಗೆ ಗೇಟಿನ ಮುಂದೆ ಯಾರಾದರೂ ಬಂದು ನಿಂತೇ ನಿಲ್ಲುತ್ತಾರೆ. ಮುಸಫ್ಫಾದಿಂದ ಅಲ್ಲಿಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ದಾರಿ.